ಬಿಳಗಿಯ ಮೆಣಸು ತಡೆದ ಅಫ್ಸಾನಾ

ಮಾಲು ನೋಡುವ ಕಣ್ಣಿನಿಂದ ನೋಡಿದರೆ ಯಲ್ಲಾಪುರದ ಅಫ್ಸಾನಾ ಹೀಗೆ: ಗಾತ್ರ ಸಣ್ಣದು, ಒಣಗಿದ್ದು ಸರಿಯಾಗಿದೆ, ಘಾಟು ಬೇಕಾದ್ದಕ್ಕಿಂತ ಒಂದು ಕೈ ಮೇಲೆ. ಕಲಬೆರಕೆ ಇಲ್ಲ. ಇಂಥ ಮಾಲನ್ನು ಕೊಳ್ಳುವುದು ಸುಲಭ, ಅಂಗಡಿಯಲ್ಲಿ ಇಟ್ಟುಕೊಂಡು ಬಾಳುವುದು ಕಷ್ಟ ಎಂದು ನನಗೆ ಆಮೇಲೆ ಗೊತ್ತಾಯಿತು.

ಶಿರಸಿಯಲ್ಲಿ ನನ್ನದು ದಲಾಲಿ ಅಂಗಡಿ. ಬೆಳೆಗಾರರು ಅಡಿಕೆ, ಮೆಣಸಿನ ಮಹಸೂಲು ತಂದು ಹಾಕುತ್ತಾರೆ, ವ್ಯಾಪಾರಸ್ಥರು ದರ ಬರೆಯುತ್ತಾರೆ, ಹೆಚ್ಚು ಬರೆದವನಿಗೆ ಮಾಲು, ನಡುವೆ ನಿಂತ ನನಗೆ ದಲಾಲಿ. ಕಳೆದ ವರ್ಷ ಈ ನಡುವಿನ ಓಡಾಟಕ್ಕೆಲ್ಲ ಒಂದು ಎಐ ಏಜೆಂಟ್ ಹಾಕಿಸಿದೆ. ದರ ತರಿಸುವುದು, ಮಾಲಿನ ಯಜಮಾನರಿಗೆ ತಿಳಿಸುವುದು, ಬಿಲ್ಲು ಮಾಡುವುದು, ಹಮಾಲರನ್ನು ಕರೆಯುವುದು ಎಲ್ಲ ಅದೇ. ಅದಕ್ಕೆ ಊಟದ ಹೊತ್ತಿಲ್ಲ, ಸಂಬಂಧಿಕರ ಮದುವೆ ಇಲ್ಲ. ಇಂಥ ಗುಮಾಸ್ತನನ್ನು ನಾನು ಅಂಗಡಿಯಲ್ಲಿ ಕೂತ ದಿನದಿಂದ ಹುಡುಕುತ್ತಿದ್ದೆ. ಆದರೆ ಅದನ್ನು ಕೂಡಿಸಿಕೊಟ್ಟ ಕಾರ್ತಿಕ, ಅದರ ಕೆಲಸದ ಮೇಲೆ ಕಣ್ಣಿಡಲು ಒಬ್ಬರು ಬೇಕೇ ಬೇಕು ಎಂದ. ಆ ಒಬ್ಬರು ಅಫ್ಸಾನಾ. ಯಲ್ಲಾಪುರದ ತನ್ನ ಮನೆಯಲ್ಲೇ ಕೂತು ಫೋನಿನಲ್ಲಿ ನೋಡುತ್ತಾಳೆ.

ಅವಳ ಅಪ್ಪ ನೂರ್ ಅಹ್ಮದ್ ಲಾರಿ ಓಡಿಸುತ್ತಿದ್ದವರು. ನಮ್ಮ ಕಡೆ ಲಾರಿಯವರು ಫೋನಿನಲ್ಲಿ "ಹೊರಟೆ" ಅಂದರೆ ಚಹಾ ಇನ್ನೂ ಬಂದಿಲ್ಲ ಎಂದು ತಿಳಿಯಬೇಕು. ಅದಕ್ಕೇ ಇವಳು ಅಪ್ಪನನ್ನು "ಹೊರಟ್ರಾ" ಎಂದು ಕೇಳುತ್ತಲೇ ಇರಲಿಲ್ಲವಂತೆ. "ಎದುರಿಗೆ ಏನ್ ಕಾಣ್ತದ, ಅಬ್ಬಾ?" ಎಂದು ಕೇಳುತ್ತಿದ್ದಳಂತೆ. ಹೋಟೆಲಿನ ಬೋರ್ಡು ಕಂಡರೆ ಅಕ್ಕಿ ಡಬ್ಬಿಯಲ್ಲೇ ಇರುತ್ತಿತ್ತು, ಘಟ್ಟದ ತಿರುವು ಕಂಡರೆ ಒಲೆಯ ಮೇಲೆ ಏರುತ್ತಿತ್ತು.

ನನ್ನ ಏಜೆಂಟಿಗೂ ಅದೇ ಮರ್ಯಾದೆ. "ಮುಗಿದಿದೆ" ಎಂದು ಅದು ಹೇಳಿದರೆ ಇವಳು ನಂಬುವುದಿಲ್ಲ. ಕಾರ್ತಿಕನ ತಲೆ ತಿಂದು ಒಂದು ಪುಟ ಮಾಡಿಸಿಕೊಂಡಳು. ಪ್ರತಿ ಕೆಲಸಕ್ಕೂ ಒಂದು ಸಾಲು: ಏಜೆಂಟ್ ಏನು ಮಾಡುತ್ತೇನೆಂದು ಹೇಳಿತ್ತು, ಈಗ ಎಲ್ಲಿಗೆ ಬಂತು, ಯಾರ ಉತ್ತರಕ್ಕೆ ಕಾದಿದೆ. ಪಕ್ಕದಲ್ಲಿ ಒತ್ತಿದರೆ ಕೆಲಸ ನಿಲ್ಲುವ ಗುಂಡಿ. ಅಲ್ಲಿಯವರೆಗೆ ನನಗೂ ಖುಷಿಯೇ. ಆಮೇಲೆ ಅವಳು ಆ ಪುಟವನ್ನು ಬೆಳೆಗಾರರಿಗೂ ತೆರೆದುಕೊಟ್ಟಳು. ಹುಲೇಕಲ್ಲಿನವನು ಹುಲೇಕಲ್ಲಿನಲ್ಲೇ ಕೂತು ತನ್ನ ಮಾಲಿಗೆ ಯಾರು ಎಷ್ಟು ಬರೆದರು ಎಂದು ನೋಡಬಹುದು. ದಲಾಲಿಯವನ ಬೆನ್ನಿಗೆ ಕಿಟಕಿ ಕೊರೆದ ಹಾಗಾಯಿತು.

"ಎಂತಕ್ಕೆ ಮಾರಾಯ್ತಿ ಇದೆಲ್ಲ? ನಾಳೆ ನನ್ನ ಊಟದ ಬಟ್ಟಲನ್ನೂ ತೋರಿಸ್ತೀಯ ನೀನು?"

"ಅದ್ರಾಗ ಮುಚ್ಚೋದೇನದ ಸಾವ್ಕಾರ್ರೆ? ನೀವು ಬರೇ ಗಂಜಿ ಉಣ್ತೀರಿ ಅಂತ ಮೂರು ತಾಲೂಕಿಗೂ ಗೊತ್ತದ."

ನಮ್ಮ ಅಂಗಡಿಯಲ್ಲಿ ಅಜ್ಜನ ಕಾಲದಿಂದ ಒಂದು ರೂಢಿ ಇತ್ತು. ದರ ಕೂಗಿದಾಗ ಯಜಮಾನ ತನ್ನ ಮಾಲಿನ ಪಕ್ಕ ನಿಂತಿರುತ್ತಾನೆ. ಬೇಡವಾದರೆ ತಲೆ ಆಡಿಸುತ್ತಾನೆ, ಸುಮ್ಮನಿದ್ದರೆ ಒಪ್ಪಿಗೆ. ಬಾಯಿಬಿಟ್ಟು ಯಾರೂ ಒಪ್ಪುವುದಿಲ್ಲ. ದರ ಸಾಲದು ಎಂಬ ಮುಖ ಕಡೆತನಕ ಇರಬೇಕಲ್ಲ. ಹಳೆಯ ವ್ಯವಹಾರ ನೋಡಿ ಕಲಿಯುವಾಗ ಏಜೆಂಟ್ ಇದನ್ನೂ ಕಲಿತಿತ್ತು. ಉತ್ತರ ಬಾರದಿದ್ದರೆ ಒಪ್ಪಿಗೆ. ನಮಗೂ ಅದು ತಪ್ಪೆಂದು ಹೊಳೆದಿರಲಿಲ್ಲ.

ನಮ್ಮದೇ ಜಿಲ್ಲೆಯ ಬಿಳಗಿಯ ದ್ಯಾವಮ್ಮ ಕಾಳುಮೆಣಸು ತಂದು ಹಾಕಿ, ನಿಲ್ಲದೆ ಬಸ್ಸು ಹತ್ತಿ ಊರಿಗೆ ಹೋಗಿದ್ದರು. ಮರುದಿನ ಒಳ್ಳೆಯ ದರವೇ ಬಿತ್ತು. ಹುಬ್ಬಳ್ಳಿಯ ಖರೀದಿದಾರ ಲಾರಿ ತಂದು ಬಾಗಿಲಲ್ಲಿ ನಿಲ್ಲಿಸಿದ್ದ. ಏಜೆಂಟ್ ದ್ಯಾವಮ್ಮನಿಗೆ ದರ ಕಳಿಸಿತು, ಕಾಯಿತು, ಉತ್ತರವಿಲ್ಲ. ಸರಿ, ಒಪ್ಪಿಗೆ ಸಿಕ್ಕಿದೆ ಎಂದು ಪುಟದಲ್ಲಿ ಬರೆದು ಹಮಾಲರನ್ನು ಕರೆಯಿತು. ಚೀಲ ಬೆನ್ನಿಗೇರುವಷ್ಟರಲ್ಲಿ ಯಲ್ಲಾಪುರದಲ್ಲಿ ಅಫ್ಸಾನಾ ಆ ಸಾಲನ್ನು ಬಿಚ್ಚಿ ನೋಡಿದ್ದಳು. ದ್ಯಾವಮ್ಮನ ಫೋನಿಗೆ ಸಂದೇಶ ತಲುಪಿಯೇ ಇರಲಿಲ್ಲ. ಗುಂಡಿ ಒತ್ತಿದಳು. ಮಾಲು ತಡೆಯಲಾಗಿದೆ ಎಂದು ನನ್ನ ಫೋನಿಗೂ ಹಮಾಲರ ಮುಖಂಡನ ಫೋನಿಗೂ ಬಂತು. ಚೀಲ ಕೆಳಗಿಳಿಯಿತು.

"ಅಫ್ಸಾನಾ, ಲಾರಿ ಬಾಗಿಲಲ್ಲಿ ನಿಂತದೆ. ಬಿಡು ಅದನ್ನ."

"ದ್ಯಾವಮ್ಮ ಹೂಂ ಅಂದಿಲ್ರಿ."

"ಬೇಡ ಅಂತನೂ ಹೇಳ್ಲಿಲ್ಲ ಅಲ್ವಾ? ಸುಮ್ನಿದ್ರೆ ಒಪ್ಪಿಗೆ."

"ಮಾಲಿನ ಪಕ್ಕ ನಿಂತು ಸುಮ್ಮನಿದ್ರ ಒಪ್ಪಿಗಿ. ಬಿಳಗ್ಯಾಗ ಕೂತು ಸುಮ್ಮನಿದ್ರ ಸಿಗ್ನಲ್ ಇಲ್ಲ ಅಂತ."

"ಈ ದರ ನಾಳೆನೂ ಇರ್ತದೆ ಅಂತ ನೀ ಬರ್ದುಕೊಡ್ತೀಯ?"

"ನಾನ್ಯಾಕ ಬರ್ದುಕೊಡ್ಲಿ? ಮಾಲು ನಂದೂ ಅಲ್ಲ, ನಿಮ್ದೂ ಅಲ್ಲ."

"ಹಂಗಾದ್ರೆ ನಾಳೆಯಿಂದ ನೀ ಬರೂದು ಬೇಡ."

"ಈಗಾದ್ರೂ ಎಲ್ಲಿ ಬರ್ತೀನಿ, ಮನ್ಯಾಗೇ ಅದೀನಲ್ಲ. ತೆಗೀರಿ ಕೆಲಸದಿಂದ. ಆದ್ರ ಇವತ್ತಿನ ಮಾಲು ದ್ಯಾವಮ್ಮನ ಮಾತಿಲ್ದ ನಾ ಬಿಡೂದಿಲ್ಲ."

ಫೋನು ಇಟ್ಟಳು. ನಾನು ಕಾರ್ತಿಕನಿಗೆ ಹೇಳಿದೆ, ಸಂಜೆಯೊಳಗೆ ಆ ಪುಟದಿಂದ ಅವಳ ಹೆಸರು ತೆಗೆ ಎಂದು. ಖರೀದಿದಾರ ಕಾದು ಕಾದು ಬೇರೆ ಅಂಗಡಿಯ ಮಾಲು ತುಂಬಿಸಿಕೊಂಡ. ಹೋಗುವಾಗ, "ನಿಮ್ಮ ಅಂಗಡ್ಯಾಗ ಯಜಮಾನ್ರು ಯಾರ್ರಿ?" ಎಂದು ಬಹಳ ವಿನಯದಿಂದ ಕೇಳಿ ಹೋದ.

ಅಷ್ಟರಲ್ಲಿ ಅಫ್ಸಾನಾ ಬಿಳಗಿಯ ಒಂದು ಕಿರಾಣಿ ಅಂಗಡಿಯ ಲ್ಯಾಂಡ್‌ಲೈನಿಗೆ ಫೋನು ಮಾಡಿ ದ್ಯಾವಮ್ಮನನ್ನು ಕರೆಸಿದ್ದಳು. ನನ್ನನ್ನೂ ಅದೇ ಕರೆಗೆ ಸೇರಿಸಿದಳು.

"ನಾ ಕೊಡೂದಿಲ್ಲ," ಎಂದರು ದ್ಯಾವಮ್ಮ. "ಇನ್ನೂ ಏರ್ತದೆ ಅದು. ನಾನಿಲ್ದೆ ನನ್ನ ಮಾಲಿಗೆ ಎಂತ ಅವಸರ ನಿಮಗೆ, ಒಡೆಯಾ? ನಾ ಸತ್ರೆ ಮಣ್ಣಿಗೂ ಹೀಂಗೇ ಓಡಿ ಬರ್ತೀರೋ ಹೇಂಗೆ?"

ನಾಲ್ಕು ದಿನ ಕಳೆದರೂ ದರ ಏರಲಿಲ್ಲ, ಇಳಿಯಿತು. ಸುಳ್ಳು ಯಾಕೆ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕಾರ್ತಿಕ ಇವತ್ತು ನಾಳೆ ಎನ್ನುತ್ತಿದ್ದುದರಿಂದ ಅಫ್ಸಾನಾಳ ಹೆಸರು ಇನ್ನೂ ಹೋಗಿರಲಿಲ್ಲ. ಫೋನು ಮಾಡಿ, "ಕಂಡ್ಯಾ? ನಷ್ಟ ಮಾಡಿದೆ ಆ ಹೆಂಗಸಿಗೆ," ಎಂದೆ.

"ನಷ್ಟ ಅವರು ಮಾಡ್ಕೊಂಡ್ರು, ನಾವು ಮಾಡ್ಲಿಲ್ಲ. ಅಷ್ಟೇ ನನಗ ಬೇಕಾಗಿದ್ದು," ಎಂದಳು. ದನಿಯಲ್ಲಿ ಪಶ್ಚಾತ್ತಾಪದ ಒಂದು ಕಾಳೂ ಇರಲಿಲ್ಲ.

ದ್ಯಾವಮ್ಮ ತಾವೇ ಬಂದರು. ಇಳಿದ ದರ ಕೂಗಿದಾಗ ಎಲ್ಲರಿಗೂ ಕೇಳುವಂತೆ, "ಹೂಂ, ಕೊಟ್ಟೆ" ಎಂದರು. ನಮ್ಮ ಅಂಗಡಿಯಲ್ಲಿ ಹಾಗೆ ಬಾಯಿಬಿಟ್ಟು ಹೇಳಿದವರನ್ನು ನಾನು ನೋಡಿರಲಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದು, "ಮುಂದಿನ ವರ್ಷನೂ ಇಲ್ಲೇ ಹಾಕ್ತೆ. ಫೋನ್ ಮಾಡಿದ ಆ ಹುಡುಗಿ ಇದ್ರೆ ಮಾತ್ರ," ಎಂದರು. ಅವರ ಹಿಂದೆ ನಿಂತಿದ್ದ ಬೆಳೆಗಾರರು ತಲೆ ಆಡಿಸಲಿಲ್ಲ, ಸುಮ್ಮನಿದ್ದರು. ಆ ಮೌನದ ಅರ್ಥ ನನಗೆ ಚೆನ್ನಾಗಿ ಗೊತ್ತು.

ಹೆಸರು ತೆಗೆಯುವುದು ಬೇಡ ಎಂದು ಕಾರ್ತಿಕನಿಗೆ ಹೇಳಿದೆ. ಅವನು, "ಅಫ್ಸಾನಾ ಅವರು ಆಗ್ಲೇ ಇನ್ನೊಂದು ಬದಲಾವಣೆ ಮಾಡ್ಸಿದ್ರು, ಸರ್. ಉತ್ತರ ಬರದಿದ್ರೆ ಏಜೆಂಟ್ ಅಲ್ಲೇ ನಿಲ್ತದೆ. ನಿಮಗೆ ಗೊತ್ತುಂಟು ಅಂದ್ಕೊಂಡಿದ್ದೆ," ಎಂದ. ನನಗೆ ಗೊತ್ತಿರಲಿಲ್ಲ. ಮೊದಲೇ ನನ್ನನ್ನು ಯಾಕೆ ಕೇಳಲಿಲ್ಲ ಎಂದು ಅವಳನ್ನು ಕೇಳಿದ್ದಕ್ಕೆ, "ಕೇಳಿದ್ರ ನೀವು ಬ್ಯಾಡ ಅಂತಿದ್ರಿ," ಎಂದಳು. ನಿಜವೇ, ಅನ್ನುತ್ತಿದ್ದೆ.

ಅಫ್ಸಾನಾ ಈಗಲೂ ಯಲ್ಲಾಪುರದಿಂದಲೇ ನೋಡುತ್ತಾಳೆ, ತಡೆಯುತ್ತಾಳೆ, ನಾವಿಬ್ಬರೂ ಫೋನಿನಲ್ಲಿ ಜಗಳಾಡುತ್ತೇವೆ. ನನಗೆ ನಷ್ಟವಾಗುವ ದಿನವೂ ಆ ನಿಲ್ಲಿಸುವ ಗುಂಡಿ ಅವಳ ಕೈಯಲ್ಲೇ ಇರುತ್ತದೆ ಎಂದು ನಾನು ಅವಳಿಗೆ ಮಾತು ಕೊಡಬೇಕು, ಅದು ನನಗೂ ಗೊತ್ತು. ಇನ್ನೂ ಕೊಟ್ಟಿಲ್ಲ.