ಒಂದು ದಿನದ ಬಿಡುವು

ಜಿಲ್ಲೆಯ ನೂರಾ ನಲವತ್ತು ಶಾಲೆಗಳ ಉಸ್ತುವಾರಿ ಅವಳ ತಲೆಯ ಮೇಲಿತ್ತು, ಆದರೂ ಅವಳು ಜಿಲ್ಲಾ ಶಿಕ್ಷಣಾಧಿಕಾರಿ ಅಲ್ಲ. ಹಿಂದಿನ ಅಧಿಕಾರಿ ಎರಡರಷ್ಟು ಸಂಬಳ ಸಿಕ್ಕಿತೆಂದು ದೊಡ್ಡ ಜಿಲ್ಲೆಗೆ ಹೊರಟುಹೋದಾಗ, ಹೊಸಬರು ಬರುವತನಕ ಸ್ವಲ್ಪ ನೋಡಿಕೊಳ್ಳಿ ಎಂದು ಗಣಿತದ ಹಿರಿಯ ಮೇಡಂ ಆಗಿದ್ದ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು. ಆ ‘ಸ್ವಲ್ಪ’ ಈಗ ಐದೂವರೆ ವರ್ಷ. ಸಹಿಯ ಕೆಳಗೆ ‘ಪ್ರಭಾರ’ ಎಂಬ ಮೊಹರು, ಕೈಗೆ ಮೇಷ್ಟರ ಸಂಬಳ. ಕಚೇರಿಯವರು ಬೆನ್ನ ಹಿಂದೆ ಅವಳನ್ನು ‘ತಾತ್ಕಾಲಿಕ ಮೇಡಂ’ ಅನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಉರಿಯುತ್ತಲೂ ಇತ್ತು.

ಹೀಗೆ ಕೂರಿಸಿದ ಜಿಲ್ಲಾ ಶಿಕ್ಷಣ ಮಂಡಳಿಯವರ ಜಾಣತನ ನೋಡಿ. ಪ್ರಭಾರ ಆರು ತಿಂಗಳಿಗೊಮ್ಮೆ ಮುಗಿಯಬೇಕು, ನಡುವೆ ಒಂದು ದಿನ ಬಿಡುವು, ಮರುದಿನ ಹೊಸ ಆದೇಶ. ಸೇವೆ ಎಡೆಬಿಡದೆ ನಡೆದರೆ ಹುದ್ದೆಯ ಮೇಲೆ ಹಕ್ಕು ಬಂದೀತೆಂಬ ಭಯ ಅವರಿಗೆ. ಆ ಒಂದು ದಿನ ಅವಳು ತನ್ನ ಹಳೆಯ ಶಾಲೆಗೆ ಹೋಗಿ, ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ, ಭಿನ್ನರಾಶಿ ಹೇಳಿಕೊಟ್ಟು ಬರುತ್ತಿದ್ದಳು. ಹತ್ತು ಸಲ ಹೀಗಾಗಿತ್ತು. ತಪ್ಪು ಅವಳದೂ ಇತ್ತು: ಮರುದಿನದ ಆದೇಶವನ್ನು ಪ್ರತಿ ಸಲವೂ ತಾನೇ ಟೈಪ್ ಮಾಡಿ, ಸಹಿಗೆ ಕಳಿಸುತ್ತಿದ್ದಳು. ತನ್ನ ಕೊರಳಿಗೆ ತಾನೇ ಹಗ್ಗ ಹೊಸೆದುಕೊಟ್ಟ ಹಾಗೆ.

“ಪುಕ್ಕಟೆ ಸಿಕ್ಕಿದ್ರೆ ನನಗೊಂದು ನಮ್ಮಪ್ಪನಿಗೊಂದು ಅನ್ನೋ ಜನ ಅವರು,” ಎಂದಿದ್ದಳು ಅವಳ ಅಕ್ಕ. “ನೀನು ಎದ್ದು ಬರೋವರೆಗೂ ಅವರು ಬೇರೆಯವರನ್ನ ಯಾಕೆ ಹುಡುಕ್ತಾರೆ ಹೇಳು?”

ಅಕ್ಕನ ಮಾತು ಖರೆಯಾಗಲು ತಡವಾಗಲಿಲ್ಲ. ಹನ್ನೊಂದನೆಯ ಅವಧಿ ಮುಗಿಯುವ ವಾರ, ತುಂಬಿದ ಸಭೆಯಲ್ಲಿ ಮಂಡಳಿಯ ಅಧ್ಯಕ್ಷರು ಬಿಸ್ಕತ್ತು ಮುರಿಯುತ್ತ ಹೇಳಿದರು: “ಹುದ್ದೆ ತುಂಬೋಕೆ ಏನವಸರ? ಮೇಡಂ ಹೇಗೂ ಇರ್ತಾರಲ್ಲ.” ಅವಳು ಅವರ ಪಕ್ಕದಲ್ಲೇ ಕೂತಿದ್ದಳು.

ಬಿಡುವಿನ ದಿನ ಎಂದಿನಂತೆ ಶಾಲೆಗೆ ಹೋದಳು. ಈ ಸಲ ಆದೇಶ ಟೈಪ್ ಮಾಡಿರಲಿಲ್ಲ. ಮರುದಿನವೂ ಶಾಲೆಗೇ ಹೋದಳು.

ಮಧ್ಯಾಹ್ನ ಹೆಡ್ ಕ್ಲರ್ಕ್ ಏದುಸಿರು ಬಿಡುತ್ತ ಬಂದ. “ಮೇಡಂ, ಪರೀಕ್ಷೆ ವೇಳಾಪಟ್ಟಿ, ಬಸ್ ಗುತ್ತಿಗೆ, ಎಲ್ಲಾ ಫೈಲೂ ನಿಂತಿವೆ. ಸಹಿ ಹಾಕೋರೇ ಇಲ್ಲ.”

“ನಿನ್ನೆಯೂ ಇರ್ಲಿಲ್ಲ,” ಎಂದಳು. “ಐದೂವರೆ ವರ್ಷದಿಂದಲೂ ಇರ್ಲಿಲ್ಲ. ನಿಮಗೆ ಇವತ್ತು ಗೊತ್ತಾಯ್ತು ಅಷ್ಟೆ.”

ಮೂರನೆಯ ದಿನ ಅಧ್ಯಕ್ಷರೇ ಬಂದು ತರಗತಿಯ ಬಾಗಿಲಲ್ಲಿ ನಿಂತರು. ಗಂಟೆ ಹೊಡೆಯಲಿ ಎಂದಳು. ಅವರು ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಅರ್ಧ ಗಂಟೆ ದಶಮಾಂಶ ಕೇಳಿದರು. ಆಮೇಲೆ ಜಗುಲಿಯಲ್ಲಿ, “ಇನ್ನೊಂದು ಆರು ತಿಂಗಳು, ಅಷ್ಟೇ ಕೇಳ್ತಿರೋದು,” ಎಂದರು.

“ಹೊರಗಿಂದ ಬಂದವರಿಗೆ ಏನು ಕೊಡ್ತೀರೋ ಅದೇ ಸಂಬಳ, ಅದೇ ಹುದ್ದೆ. ಪ್ರಭಾರ ಆದ್ರೆ ಬೇಡ ಸರ್. ನನಗೆ ಇಲ್ಲಿ ಕ್ಲಾಸಿದೆ.”

“ಕಾಯಂ ಹುದ್ದೆ ಅಂದ್ರೆ ಜಾಹೀರಾತು ಕೊಡ್ಬೇಕು, ಕೊಟ್ರೆ ಯಾರಾದ್ರೂ ಬರಬಹುದು. ನಿಮಗೆ ಸಿಗದೇ ಇರಲೂಬಹುದು.”

“ಸಿಗದೇ ಇರಲಿ. ಕೇಳಿ ಸೋತೆ ಅಂತಾದ್ರೂ ಆಗಲಿ, ಕೇಳದೇ ದುಡಿದೆ ಅಂತ ಬೇಡ.”

ಸಿಗದಿದ್ದರೆ ಎಂಬ ಭಯ ಅವಳಿಗೆ ಇಲ್ಲದಿರಲಿಲ್ಲ. ಆ ಕೆಲಸವೆಂದರೆ ಅವಳಿಗೆ ಜೀವ. ಯಾವ ಶಾಲೆಯ ಮಾಡು ಸೋರುತ್ತದೆ ಎಂಬುದೂ ಅವಳಿಗೆ ಬಾಯಿಪಾಠ. ಮನೆಗೆ ಹೋಗಿ ಅಕ್ಕನ ಮುಂದೆ ಅತ್ತಳು. ಬೆಳಿಗ್ಗೆ ಎದ್ದು ಮತ್ತೆ ಶಾಲೆಗೆ ಹೋದಳು.

ಫೈಲುಗಳ ರಾಶಿ ಕಿಟಕಿಯ ಎತ್ತರ ಮುಟ್ಟಿದ ಮೇಲೆ, ಹನ್ನೆರಡನೆಯ ದಿನ, ಪೂರ್ತಿ ಸಂಬಳದ ಕಾಯಂ ಹುದ್ದೆಗೆ ಜಾಹೀರಾತು ಬಂತು. ಮೊದಲ ಅರ್ಜಿ ಅವಳದೇ. ಅನುಭವದ ಎದುರು ‘ಐದೂವರೆ ವರ್ಷ’ ಎಂದು ಬರೆದಳು, ಪ್ರಭಾರ ಎಂಬ ಪದ ಸೇರಿಸಲಿಲ್ಲ. ಕೆಳಗೆ ಇನ್ನೊಂದು ಸಾಲಿತ್ತು: ಆ ಅವಧಿಯಲ್ಲಿ ಸೇವೆಗೆ ಬಿಡುವು ಬಿದ್ದಿದ್ದರೆ ಎಷ್ಟು ದಿನ, ಏಕೆ?

ಅವಳು ಪೆನ್ನನ್ನು ಒತ್ತಿ ಬರೆದಳು: ‘ಹತ್ತು ದಿನ. ಏಕೆಂದು ಮಂಡಳಿಯನ್ನು ಕೇಳಿ. ಆ ಹತ್ತು ದಿನವೂ ನಾನು ಪಾಠ ಮಾಡಿದ್ದೇನೆ.’