ಚಿಹಾರು ಮರೆತ ಬೆಂಕಿಗೆರೆ

ಚಿಹಾರುವನ್ನು ನಾನು ಮೊದಲು ಕಂಡದ್ದು ಕನಾಜಾವ ನಗರದ ನಮ್ಮ ಬಡಾವಣೆಯ ವಾಚನಾಲಯದಲ್ಲಿ. ಬೆನ್ನಿಗೇರಿಸಿಕೊಂಡು ಬಂದಿದ್ದ ದೊಡ್ಡ ನಕ್ಷೆಹಲಗೆಯನ್ನು ಮೇಜಿನ ಮೇಲೆ ದೊಪ್ಪನೆ ಇಳಿಸಿದಳು.

"ಇಲ್ಲಿ ಓದ್ಬಹುದಷ್ಟೇ, ನಕ್ಷೆ ಬರೆಯೋ ಹಾಗಿಲ್ಲ," ಎಂದಳು ಗ್ರಂಥಪಾಲಕಿ.

"ಪರೀಕ್ಷೇಲಿ ಕಟ್ಟಡಾನ ಕೈಯಲ್ಲೇ ಬರೀಬೇಕು. ಬಾಯಿಪಾಠ ಒಪ್ಪಿಸ್ಲಾ?"

ಇಂಥ ಸಿಡುಕು ವಿದ್ಯಾರ್ಥಿಗಳ ಮೇಲೆ ನನಗೆ ಮೊದಲಿನಿಂದಲೂ ಒಲವು. ನಿವೃತ್ತ ಮೇಷ್ಟ್ರ ಮನೆಯ ಊಟದ ಮೇಜು ಖಾಲಿ ಇದೆ, ಬಾ ಎಂದೆ.

ಆ ಪರೀಕ್ಷೆ ಗೆದ್ದು ವಾಸ್ತುಶಿಲ್ಪಿಯ ಪರವಾನಗಿ ಪಡೆಯದವರ ಹೆಸರು ಕಟ್ಟಡದ ಮೇಲೆ ಬರುವುದಿಲ್ಲ. ಅವಳು ನಕ್ಷೆ ಬರೆದ ಶಿಶುವಿಹಾರದ ಮುಂದಿನ ಫಲಕದಲ್ಲಿ ಅವಳ ಆಫೀಸಿನ ಯಜಮಾನ ಓಕುದನ ಹೆಸರಿತ್ತು.

"ಕಿಟಕಿಗಳನ್ನ ಮಕ್ಕಳ ಎತ್ತರಕ್ಕೆ ಇಳಿಸಿದ್ದು ನಾನು. ಆ ಮನುಷ್ಯಂಗೆ ಬಾಗಿಲು ಯಾವ ಕಡೆ ಅಂತಲೂ ಗೊತ್ತಿಲ್ಲ, ಮೇಷ್ಟ್ರೇ!"

ಬರಹದ ಪರೀಕ್ಷೆ ಗೆದ್ದವರಿಗೆ ನಕ್ಷೆಯ ಪರೀಕ್ಷೆಗೆ ಮೂರೇ ಅವಕಾಶ. ಮೂರರಲ್ಲೂ ಸೋತರೆ ಮತ್ತೆ ಮೊದಲಿನಿಂದ. ಎರಡು ಸಲ ಅವಳಿಗೆ ಸಮಯ ಸಾಲಲಿಲ್ಲ. ಮೂರನೆಯ ಸಲ ನಕ್ಷೆ ಪೂರ್ತಿಯಾಗಿತ್ತು, ಚಂದವಾಗಿಯೂ ಇತ್ತು. ಆದರೆ ಬೆಂಕಿಗೆರೆ ಇರಲಿಲ್ಲ. ಪಕ್ಕದ ಮನೆಗೆ ಬೆಂಕಿ ಬಿದ್ದರೆ ಎಲ್ಲಿಯವರೆಗೆ ಹಬ್ಬೀತೆಂದು ತೋರಿಸುವ ಆ ತುಂಡುಗೆರೆ ಇಲ್ಲದಿದ್ದರೆ ಉಳಿದದ್ದನ್ನು ಯಾರೂ ನೋಡುವುದಿಲ್ಲ.

"ಆಫೀಸಲ್ಲಿ ಅದನ್ನ ಕಂಪ್ಯೂಟರೇ ಎಳೆಯುತ್ತೆ. ದಿನಾ ಕಣ್ಣೆದುರಿಗಿರುತ್ತೆ, ಕೈಗೆ ಮಾತ್ರ ಅಭ್ಯಾಸವೇ ಇಲ್ಲ," ಎಂದು ಮೇಜಿಗೆ ಗುದ್ದಿದಳು.

ಫಲಿತಾಂಶದ ದಿನ ಓಕುದ ನಕ್ಕನಂತೆ. "ಮುದ್ರೆ ಒತ್ತೋಕೆ ನಾನಿದ್ದೀನಲ್ಲಮ್ಮ, ನಿಂಗ್ಯಾಕೆ ಆ ಪರೀಕ್ಷೆ? ಆಸ್ಪತ್ರೆ ನಕ್ಷೆ ಬೇಗ ಮುಗಿಸು."

"ಮುದ್ರೆ ನಿಮ್ಮದಾದ್ಮೇಲೆ ನಕ್ಷೆನೂ ನೀವೇ ಬರೀರಿ, ಸಾರ್," ಎಂದವಳೇ ಅಳತೆಪಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಬಂದಳು. ಆ ನಗೆಯನ್ನು ನೆನೆದರೆ ನನಗೂ ಮೈ ಉರಿಯುತ್ತದೆ.

ಈಗ ಬೆಳಗ್ಗೆ ತೋಫು ಅಂಗಡಿಯಲ್ಲಿ ದುಡಿಯುತ್ತಾಳೆ, ಮಧ್ಯಾಹ್ನ ನನ್ನ ಮೇಜಿಗೆ ಬರುತ್ತಾಳೆ. ಬರಹದ ಪರೀಕ್ಷೆಗೆ ಮತ್ತೆ ಮೊದಲ ಪುಟದಿಂದ ಓದು. ಕೈ ಮರೆಯದಿರಲೆಂದು ದಿನಕ್ಕೊಂದು ನಕ್ಷೆ ಬೇರೆ. ಗೋಡೆ ಬಾಗಿಲುಗಳಿಗಿಂತ ಮೊದಲು ಬೆಂಕಿಗೆರೆಯನ್ನೇ ಎಳೆಯುತ್ತಾಳೆ, ಪೆನ್ಸಿಲ್ ಮುರಿಯುವಷ್ಟು ಒತ್ತಿ. ಹಲಗೆಯ ಅಂಚಿನಲ್ಲಿ ನನ್ನ ಊಟದ ಬಟ್ಟಲಿಗೆ ಅಂಗೈಯಗಲ ಜಾಗವಷ್ಟೇ ಉಳಿದಿದೆ.

"ಆ ಮಿಸೊ ಸಾರನ್ನ ಅತ್ಲಾಗಿಡಿ ಮೇಷ್ಟ್ರೇ," ಎಂದು ನಿನ್ನೆ ಗದರಿದಳು. "ಚೆಲ್ಲಿದ್ರೆ ನನ್ನ ಬೆಂಕಿ ಆರಿಹೋಗುತ್ತೆ."