ಜುಟ್ಟಿನ ಮರಿ

ಠಾಕುರ್ಲಿಯ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ನನ್ನ ಗಂಡ ರೇಸಿನ ಪಾರಿವಾಳ ಸಾಕುತ್ತಾರೆ. ಈ ಸಲ ಜುಟ್ಟಿಲ್ಲದ ಜೋಡಿಗೆ ಜುಟ್ಟಿನ ಮರಿ ಹುಟ್ಟಿತು. ನೋಡಲು ದಿವಾದಿಂದ ಬಂದ ಅವರ ಗೆಳೆಯರು, "ಹೆಣ್ಣಿನ ತಳಿಯೇ ಸರಿ ಇಲ್ಲ, ಯಾರಿಗಾದ್ರೂ ಕೊಟ್ಟುಬಿಡಿ" ಎಂದರು. ಇವರಿಗೆ ಸಿಟ್ಟೇ ಬಂತು.

"ಹೆಣ್ಣನ್ನು ಯಾಕೆ ದೂರುವುದು ಮಾರಾಯ್ರೆ? ಗಂಡು, ಹೆಣ್ಣು ಎರಡರಲ್ಲೂ ಆ ಗುಣ ಅಡಗಿದ್ರೆ ಮಾತ್ರ ಮರಿಗೆ ಜುಟ್ಟು ಬರ್ತದೆ."

ಚಹಾ ತಂದಿದ್ದ ನಾನು ಅಲ್ಲೇ ನಿಂತೆ. ನಮ್ಮ ಮಗಳದು ಬೆಕ್ಕಿನ ಕಣ್ಣು. ನನ್ನ ತವರಿನಲ್ಲಿ ಯಾರಿಗೂ ಅಂಥ ಕಣ್ಣಿಲ್ಲ. ಆದರೂ ಅದು ತಾಯಿಯ ಕಡೆಯದ್ದೇ ಎಂದು ಅತ್ತೆ ಅವಳು ಹುಟ್ಟಿದಾಗಿನಿಂದ ಹೇಳುತ್ತಲೇ ಬಂದಿದ್ದಾರೆ. ಇವರು ಒಮ್ಮೆಯೂ ತುಟಿ ಬಿಚ್ಚಿದ್ದಿಲ್ಲ.

ಚಹಾದ ತಟ್ಟೆ ಕೆಳಗಿಟ್ಟು ಹೇಳಿದೆ: "ಅತ್ತೆಯನ್ನು ಮೇಲೆ ಕರ್ಕೊಂಡು ಬರ್ತೇನೆ. ಈಗ ಹೇಳಿದ್ದನ್ನು ಅವರೆದುರು ಇನ್ನೊಮ್ಮೆ ಹೇಳಿ."